ಪಪ್ಪಿ ಲಿನಕ್ಸ್: ನಿಮ್ಮ ಹಳೇ ಕಂಪ್ಯೂಟರಿಗೆ ಯಾವ ಆವೃತ್ತಿ ಸರಿ?

ಪಪ್ಪಿ ಲಿನಕ್ಸ್ ಅಂದರೆ ಹಳೇ ಕಂಪ್ಯೂಟರಿನಲ್ಲೂ ಓಡುವ ಹಗುರ ಆಪರೇಟಿಂಗ್ ಸಿಸ್ಟಂ. ಅದನ್ನು ಹಾಕಿಕೊಳ್ಳೋಣ ಅಂತ ಹೊರಟವರಿಗೆ ಗೊಂದಲ ಶುರುವಾಗುವುದು ಡೌನ್‌ಲೋಡ್ ಪುಟದಲ್ಲೇ. ಟಾರ್‌ಪಪ್ 6, ಬಯೋನಿಕ್‌ಪಪ್ 8, ಫೊಸ್ಸಾಪಪ್ 9.5, ಬುಕ್‌ವರ್ಮ್‌ಪಪ್ 10, ಎಸ್15ಪಪ್ 22.12. ಇದರಲ್ಲಿ ಯಾವುದು ಹೊಸದು? ಯಾವುದು ನನ್ನ ಲ್ಯಾಪ್‌ಟಾಪಿಗೆ ಆಗುತ್ತದೆ? ಬೇರೆ ಲಿನಕ್ಸ್‌ಗಳಲ್ಲಾದರೆ ದೊಡ್ಡ ಸಂಖ್ಯೆ ನೋಡಿ ಇಳಿಸಿಕೊಂಡರೆ ಮುಗಿಯಿತು. ಪಪ್ಪಿಯಲ್ಲಿ ಹಾಗಾಗುವುದಿಲ್ಲ. 22.12 ಅಂದರೆ 2022ರ ಡಿಸೆಂಬರ್, ಅಷ್ಟೇ. ಬುಕ್‌ವರ್ಮ್‌ಪಪ್ 10 ಅದಾದ ಮೇಲೆ, 2023ರಲ್ಲಿ ಬಂದದ್ದು. ಇವೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರು, ಬೇರೆ ಬೇರೆ ಊರಲ್ಲಿ ಬೆಳೆದವರು. ಯಾರು ಎಲ್ಲಿ ಬೆಳೆದರು ಅಂತ ತಿಳಿದುಕೊಂಡರೆ ಆರಿಸುವುದು ಸುಲಭ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಂಖ್ಯೆ ನೋಡಬೇಡಿ. ಪ್ರೊಸೆಸರ್ ನೋಡಿ. ಆಮೇಲೆ, ಆ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬೇಕಾ ಬೇಡ್ವಾ ಅಂತ ತೀರ್ಮಾನಿಸಿ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಆದ ಹಾಗೆ.

ಬದಲಾಗದೆ ಉಳಿದದ್ದು

ಪಪ್ಪಿಯನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಬ್ಯಾರಿ ಕೌಲರ್. ಮೊದಲ ಆವೃತ್ತಿ 0.1 ಬಂದದ್ದು 2003ರ ಜೂನ್‌ನಲ್ಲಿ. ಅವರ ಮನೆಯಲ್ಲಿದ್ದ ಪುಟ್ಟ ಚಿವಾವಾ ನಾಯಿಯ ಹೆಸರನ್ನೇ ಇದಕ್ಕೂ ಇಟ್ಟರು. ಅಂದಿನಿಂದ ಇಂದಿನವರೆಗೆ ಒಳಗಿನ ಸಾಮಾನು ಎಷ್ಟೇ ಬದಲಾಗಿದ್ದರೂ ಕೆಲಸ ಮಾಡುವ ರೀತಿ ಮಾತ್ರ ಬದಲಾಗಿಲ್ಲ. ಪಪ್ಪಿಯ ಜೀವಾಳ ಇರುವುದೇ ಅಲ್ಲಿ.

ಪೂರ್ತಿ ವ್ಯವಸ್ಥೆ ಒಂದು ಕುಗ್ಗಿಸಿದ ಫೈಲಿನಲ್ಲಿ ಇರುತ್ತದೆ. ಅದರ ಹೆಸರಿನ ಕೊನೆಗೆ ಎಸ್‌ಎಫ್‌ಎಸ್ ಅಂತ ಇರುತ್ತದೆ. ಬೂಟ್ ಆಗುವಾಗ ರ್ಯಾಮ್ ಸಾಕಷ್ಟಿದ್ದರೆ ಆ ಫೈಲ್ ಅನಾಮತ್ತಾಗಿ ರ್ಯಾಮಿಗೆ ಏರುತ್ತದೆ. ಆಮೇಲೆ ಹಾರ್ಡ್‌ಡಿಸ್ಕಿನ ಹಂಗಿಲ್ಲ. ಹಾರ್ಡ್‌ಡಿಸ್ಕೇ ಇಲ್ಲದ ಕಂಪ್ಯೂಟರಿನಲ್ಲೂ ಓಡುತ್ತದೆ. ನೀವು ಮಾಡಿದ ಬದಲಾವಣೆಗಳೆಲ್ಲ ಬೇರೆ ಪದರದಲ್ಲಿ ಕೂರುತ್ತವೆ. ಮೂಲ ಫೈಲಿಗೆ ಯಾರೂ ಕೈ ಹಚ್ಚುವುದಿಲ್ಲ. ಹಾಗಾಗಿ ಏನಾದರೂ ಕೆಟ್ಟರೆ ಆ ಪದರ ಕಿತ್ತು ಹಾಕಿ ಮತ್ತೆ ಹೊಸದಾಗಿ ಶುರು ಮಾಡಬಹುದು.

ಮೊದಲ ಸಲ ಬೂಟ್ ಮಾಡಿದಾಗ ಡೆಸ್ಕ್‌ಟಾಪ್ ಬರುತ್ತಲೇ ಸ್ಪೀಕರಿನಿಂದ ಎರಡು ಸಲ ಬೌ ಬೌ ಅಂತ ಕೇಳಿಸುತ್ತದೆ. ಸೌಂಡ್ ಕಾರ್ಡ್ ಸಿಕ್ಕಿದೆ ಅನ್ನುವುದಕ್ಕೆ ಅದೇ ಗುರುತು. ಎಡಗಡೆ ಮೇಲಿನಿಂದ ಸಾಲಾಗಿ ಐಕಾನ್‌ಗಳು: ಫೈಲ್, ಸಹಾಯ, ಬ್ರೌಸರ್, ಬರೆಯಲು, ಲೆಕ್ಕಕ್ಕೆ, ಚಿತ್ರ ಬಿಡಿಸಲು. ಕೆಳಗಡೆ ಪ್ರತಿಯೊಂದು ಡ್ರೈವಿಗೂ ಒಂದೊಂದು ಪುಟ್ಟ ಚಿತ್ರ. ಅದನ್ನು ಒಂದೇ ಸಲ ಒತ್ತಿದರೆ ಸಾಕು, ಡ್ರೈವ್ ತೆರೆಯುತ್ತದೆ. ವಿಂಡೋಸ್ ಅಭ್ಯಾಸದಲ್ಲಿ ಎರಡು ಸಲ ಒತ್ತಿದರೆ ಎರಡು ಕಿಟಕಿ ತೆರೆದುಕೊಳ್ಳಬಹುದು. ಹೊಸಬರಿಗೆ ಮೊದಲ ದಿನ ಕಿರಿಕಿರಿ ಆಗುವುದು ಇಲ್ಲೇ. ಈ ನೋಟದ ಹಿಂದೆ ಇರುವುದು ಜೆಡಬ್ಲ್ಯೂಎಂ ಮತ್ತು ರಾಕ್ಸ್ ಅನ್ನುವ ಎರಡು ಹಗುರ ಸಾಫ್ಟ್‌ವೇರ್. ಹಳೆಯ ಪಪ್ಪಿ ಬಳಸಿದವರು ಬುಕ್‌ವರ್ಮ್‌ಪಪ್ ಮುಂದೆ ಕೂತರೂ ಕೈ ತಡವರಿಸುವುದಿಲ್ಲ.

ಬದಲಾಗಿದ್ದು ಯಾಕೆ

2005ರ ಮಾರ್ಚ್‌ನಲ್ಲಿ 1.0 ಬಂತು, 2006ರಲ್ಲಿ 2.0. 2007ರ ಅಕ್ಟೋಬರ್‌ನಲ್ಲಿ ಬಂದ 3.00 ಸ್ಲ್ಯಾಕ್‌ವೇರ್ ಅನ್ನುವ ಇನ್ನೊಂದು ಲಿನಕ್ಸಿನ 12ನೇ ಆವೃತ್ತಿಯ ಪ್ಯಾಕೇಜ್‌ಗಳಿಗೆ, ಅಂದರೆ ಸಿದ್ಧವಾಗಿ ಕಟ್ಟಿಟ್ಟ ಸಾಫ್ಟ್‌ವೇರ್‌ಗಳಿಗೆ, ಹೊಂದಿಕೊಳ್ಳುವ ಹಾಗೆ ಇತ್ತು. ಹಳೇ ಪಪ್ಪಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು 2008ರ ಮೇ ತಿಂಗಳ 4.00. ಡಿಂಗೋ ಅಂತ ಹೆಸರು. ಇಡೀ ಸಿಡಿಯ ಗಾತ್ರ ಸುಮಾರು 87 ಎಂಬಿ. ಅದರೊಳಗೆ ಸೀಮಂಕಿ ಬ್ರೌಸರ್, ಬರೆಯಲು ಅಬಿವರ್ಡ್, ಲೆಕ್ಕಕ್ಕೆ ನ್ಯೂಮೆರಿಕ್, ಹಾಡು ಕೇಳಲು, ಸಿಡಿ ಬರೆಯಲು ಎಲ್ಲಾ ಇತ್ತು. 256 ಎಂಬಿ ರ್ಯಾಮ್ ಇದ್ದ ಕಂಪ್ಯೂಟರಿನಲ್ಲಿ ಎಲ್ಲವೂ ರ್ಯಾಮಿನಲ್ಲೇ ಕೂತು ಓಡುತ್ತಿತ್ತು. ಮೆನು ಒತ್ತಿದ ಕೂಡಲೇ ತೆರೆಯುತ್ತಿತ್ತು, ಅಬಿವರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಒಬ್ಬ ಮನುಷ್ಯ ಕೂತು ಒಂದೊಂದು ಎಂಬಿಗೂ ಲೆಕ್ಕ ಹಾಕಿ ಇಷ್ಟನ್ನು ಜೋಡಿಸಿದ್ದಾನೆ ಅಂತ ಯೋಚಿಸಿದರೆ ಈಗಲೂ ಗೌರವ ಮೂಡುತ್ತದೆ.

ಆದರೆ ಹೀಗೆ ಎಲ್ಲವನ್ನೂ ಒಬ್ಬರೇ ಮೂಲ ಕೋಡಿನಿಂದ ಕಂಪೈಲ್ ಮಾಡುತ್ತಾ ಎಷ್ಟು ವರ್ಷ ನಡೆಸುವುದು? ಹೊಸ ಸಾಫ್ಟ್‌ವೇರ್ ಬೇಕೆಂದರೆ ಯಾರಾದರೂ ಅದನ್ನು ಪೆಟ್ ಅನ್ನುವ, ಪಪ್ಪಿಗೆಂದೇ ಇರುವ ಪ್ಯಾಕೇಜ್ ಮಾಡಿ ಕೊಡುವವರೆಗೆ ಕಾಯಬೇಕಿತ್ತು. ಅದಕ್ಕೆ ಕೌಲರ್ ವೂಫ್ ಅನ್ನುವ ಸಾಧನ ಬರೆದರು. ಉಬುಂಟು, ಡೆಬಿಯನ್, ಸ್ಲ್ಯಾಕ್‌ವೇರ್ ಅನ್ನುವ ದೊಡ್ಡ ಲಿನಕ್ಸ್‌ಗಳಲ್ಲಿ ಯಾವುದಾದರೊಂದರ ಪ್ಯಾಕೇಜ್‌ಗಳನ್ನು ತೆಗೆದುಕೊಂಡು, ಬೇಡದ್ದನ್ನು ಕತ್ತರಿಸಿ, ಪಪ್ಪಿಯಾಗಿ ಕಟ್ಟುವ ಸಾಧನ ಅದು. 2010ರ ಮೇ ತಿಂಗಳಲ್ಲಿ ಬಂದ ಲೂಸಿಡ್ ಪಪ್ಪಿ 5.0 ಉಬುಂಟು 10.04ರ ಪ್ಯಾಕೇಜ್‌ಗಳಿಂದ ಹೀಗೇ ಕಟ್ಟಿದ್ದು. ಮುಂದಿನ ವರ್ಷ ಸ್ಲ್ಯಾಕ್‌ವೇರಿನಿಂದ ಸ್ಲ್ಯಾಕೋ ಬಂತು. ಹೆಸರುಗಳ ಜಾತ್ರೆ ಶುರುವಾದದ್ದು ಅಲ್ಲಿಂದಲೇ. ಹೆಸರು ನೋಡಿದರೆ ಮೂಲ ಗೊತ್ತಾಗುತ್ತದೆ. ಟಾರ್ ಅಂದರೆ ಉಬುಂಟು 14.04, ಝೀನಿಯಲ್ ಅಂದರೆ 16.04, ಬಯೋನಿಕ್ 18.04, ಫೊಸ್ಸಾ 20.04, ಜ್ಯಾಮಿ 22.04. ಬುಕ್‌ವರ್ಮ್ ಅಂದರೆ ಡೆಬಿಯನ್ 12. ಎಸ್15 ಅಂದರೆ ಸ್ಲ್ಯಾಕ್‌ವೇರ್ 15.

ಇದರಿಂದ ಲಾಭವೂ ಆಯಿತು, ಒಂದು ಕಟ್ಟುಪಾಡೂ ಬಂತು. ಮೂಲದ ಉಗ್ರಾಣ ತೆರೆದಿರುವವರೆಗೆ ಪಪ್ಪಿಗೆ ಹೊಸ ಪ್ಯಾಕೇಜ್ ಸಿಗುತ್ತದೆ. ಅಲ್ಲಿ ಬೆಂಬಲ ನಿಂತರೆ ಇಲ್ಲೂ ನಿಂತ ಹಾಗೆ. ಉಬುಂಟು 14.04ರ ಮಾಮೂಲಿ ಬೆಂಬಲ 2019ರಲ್ಲಿ ಮುಗಿಯಿತು, 16.04ರದ್ದು 2021ರಲ್ಲಿ, 18.04ರದ್ದು 2023ರಲ್ಲಿ, 20.04ರದ್ದು 2025ರಲ್ಲಿ. ಟಾರ್‌ನಿಂದ ಫೊಸ್ಸಾವರೆಗೆ ಎಲ್ಲದರ ತಳಪಾಯವೂ ಹಳೆಯದಾಗಿದೆ ಅಂತಾಯಿತು.

2013ರಲ್ಲಿ ಕೌಲರ್ ಪಪ್ಪಿಯ ಮುಂದಾಳತ್ವದಿಂದ ಹಿಂದೆ ಸರಿದರು. ವೂಫ್ ಸಮುದಾಯದ ಕೈಗೆ ಬಂದು ವೂಫ್-ಸಿಇ ಆಯಿತು. ಅಂದಿನಿಂದ ಒಂದೊಂದು ಪಪ್ಪಿಯನ್ನು ಒಬ್ಬೊಬ್ಬ ಸ್ವಯಂಸೇವಕರು ಕಟ್ಟುತ್ತಿದ್ದಾರೆ. ಕೌಲರ್ ಆಮೇಲೆ ಈಸಿಓಎಸ್ ಅನ್ನುವ ಬೇರೆಯದನ್ನು ಮಾಡಿದರು. ಅದೂ ಚೆನ್ನಾಗಿದೆ, ಆದರೆ ಅದರ ದಾರಿಯೇ ಬೇರೆ, ಇಲ್ಲಿ ಬೆರೆಸುವುದು ಬೇಡ.

2020ರಲ್ಲಿ ಇನ್ನೊಂದು ದೊಡ್ಡ ತಿರುವು. ಉಬುಂಟು 20.04ರ ಹೊತ್ತಿಗೆ, ಹಳೇ ಪ್ರೊಸೆಸರ್‌ಗಳಿಗೆ ಬೇಕಾದ 32 ಬಿಟ್ ವ್ಯವಸ್ಥೆಯನ್ನು ಪೂರ್ತಿ ಕೈಬಿಟ್ಟಿತ್ತು. ಹಾಗಾಗಿ ಫೊಸ್ಸಾಪಪ್ 9.5 ಬಂದದ್ದು 64 ಬಿಟ್‌ನಲ್ಲಿ ಮಾತ್ರ. ಗಾತ್ರ 409 ಎಂಬಿ. ಉಬುಂಟು ಸಾಲಿನಲ್ಲಿ 32 ಬಿಟ್‌ನ ಕೊನೆಯ ಅಧಿಕೃತ ಪಪ್ಪಿ ಬಯೋನಿಕ್‌ಪಪ್ 8.0, 2019ರದ್ದು. ಹಳೇ ಕಂಪ್ಯೂಟರುಗಳನ್ನು ಉಳಿಸಬೇಕು ಅಂತ ಹುಟ್ಟಿದ ಲಿನಕ್ಸಿಗೆ ಇದು ನೋವಿನ ಸಂಗತಿ. ಡೆಬಿಯನ್ ಮತ್ತು ಸ್ಲ್ಯಾಕ್‌ವೇರ್ ಇದ್ದದ್ದರಿಂದ ದಾರಿ ಪೂರ್ತಿ ಮುಚ್ಚಲಿಲ್ಲ.

ಭಾರ ಇರುವುದು ಬ್ರೌಸರಿನಲ್ಲಿ

"ಪಪ್ಪಿ ಈಗ ಹಗುರ ಉಳಿದಿಲ್ಲ" ಅಂತ ಹೇಳುವವರಿದ್ದಾರೆ. 87 ಎಂಬಿ ಇದ್ದದ್ದು 400 ದಾಟಿತಲ್ಲ ಅಂತ. ಗಾತ್ರ ಹೆಚ್ಚಾದದ್ದು ನಿಜ. ಆದರೆ ಬುಕ್‌ವರ್ಮ್‌ಪಪ್ ಬೂಟ್ ಮಾಡಿ, ಏನನ್ನೂ ತೆರೆಯದೆ ಸುಮ್ನೆ ಬಿಟ್ಟು ನೋಡಿ. ಡೆಸ್ಕ್‌ಟಾಪ್ ಈಗಲೂ ಸಲೀಸಾಗಿದೆ. ಬ್ರೌಸರ್ ತೆರೆದು ಒಂದು ಸುದ್ದಿ ತಾಣ, ಒಂದು ವಿಡಿಯೋ, ಇಮೇಲ್ ಹಾಕಿದ ತಕ್ಷಣ ರ್ಯಾಮ್ ಕರಗಿ ಹೋಗುತ್ತದೆ. ಅದು ವೆಬ್‌ನ ಭಾರ. ಯಾವ ಲಿನಕ್ಸ್ ಹಾಕಿದರೂ ಅದನ್ನು ತಪ್ಪಿಸಲು ಆಗುವುದಿಲ್ಲ.

ಹಾಗಾದರೆ ಹಳೆಯ ಡಿಂಗೋವನ್ನೇ ಹಾಕಿದರೆ? ಓಡುತ್ತದೆ, ಚಂದವಾಗಿಯೇ ಓಡುತ್ತದೆ. ಬ್ರೌಸರ್ ತೆರೆದರೆ ಮಾತ್ರ ಹೆಚ್ಚಿನ ತಾಣಗಳು ಬರುವುದೇ ಇಲ್ಲ. ಇವತ್ತಿನ ಸುರಕ್ಷಿತ ಸಂಪರ್ಕದ ವಿಧಾನ ಆ ಬ್ರೌಸರಿಗೆ ಗೊತ್ತಿಲ್ಲ. ತಾಣ ಅಸಲಿ ಅಂತ ಖಾತ್ರಿ ಮಾಡಿಕೊಳ್ಳಲು ಅದರಲ್ಲಿರುವ ಸರ್ಟಿಫಿಕೇಟ್‌ಗಳ ಅವಧಿಯೂ ಮುಗಿದಿದೆ. ಲೆಕ್ಕವಿಲ್ಲದಷ್ಟು ತಾಣಗಳು ನೆಚ್ಚಿಕೊಂಡಿದ್ದ ಒಂದು ಹಳೇ ಮೂಲ ಸರ್ಟಿಫಿಕೇಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆವತ್ತಿನಿಂದ ಹಳೇ ಬ್ರೌಸರ್‌ಗಳಲ್ಲಿ ಎಚ್ಚರಿಕೆ ಪುಟಗಳೇ ಜಾಸ್ತಿ. ತೆರೆದರೂ ಅಂಥ ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕುವುದು ಬೇಡವೇ ಬೇಡ.

32 ಬಿಟ್ ಕಂಪ್ಯೂಟರುಗಳಿಗೆ ಬ್ರೌಸರ್ ಸಿಗುವುದೂ ಕಷ್ಟವಾಗುತ್ತಿದೆ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸನ್ನು ಬಿಟ್ಟಿತು. ಫೈರ್‌ಫಾಕ್ಸ್‌ನಲ್ಲಿ 144 ಕೊನೆಯದು. ಅದರ 140 ಇಎಸ್‌ಆರ್ ಅನ್ನುವ ದೀರ್ಘ ಬೆಂಬಲದ ಸಾಲಿಗೆ 2026ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಅಂತ ಮೊಝಿಲ್ಲಾ ಹೇಳಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ (ವ್ಯವಸ್ಥೆಯ ತಿರುಳು) ಇಲ್ಲ, ಇನ್‌ಸ್ಟಾಲರೂ ಇಲ್ಲ. ಅಂಥ ಕಂಪ್ಯೂಟರಿನಿಂದ ಇಂಟರ್ನೆಟ್ ಕೆಲಸ ತೆಗೆಸಬೇಕು ಅಂದುಕೊಂಡಿದ್ದರೆ ಇದನ್ನೆಲ್ಲ ಮೊದಲೇ ತಿಳಿದಿರಿ.

ನಿಮ್ಮ ಕಂಪ್ಯೂಟರ್ ಯಾವುದು?

ಯಾವುದಾದರೂ ಲಿನಕ್ಸನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಟರ್ಮಿನಲ್ ತೆರೆದು ಎಲ್‌ಎಸ್‌ಸಿಪಿಯು ಅನ್ನುವ ಆದೇಶವನ್ನು ಸಣ್ಣಕ್ಷರದಲ್ಲಿ ಕೊಡಿ. ಫ್ಲ್ಯಾಗ್ಸ್ ಅನ್ನುವ ಉದ್ದ ಸಾಲಿನಲ್ಲಿ ಮೂರನ್ನು ಹುಡುಕಿ. ಎಲ್‌ಎಂ ಇದ್ದರೆ 64 ಬಿಟ್. ಪಿಎಇ ಇದ್ದರೆ ಮಾಮೂಲಿ 32 ಬಿಟ್ ಕರ್ನಲ್ ಓಡುತ್ತದೆ. ಎಸ್‌ಎಸ್‌ಇ2 ಇದ್ದರೆ ಮಾತ್ರ ಈಚಿನ ಬ್ರೌಸರ್ ಓಡುತ್ತದೆ.

ಹೆಸರಿನಲ್ಲಿ ಮೋಸ ಹೋಗುವುದು ಇಲ್ಲೇ ಜಾಸ್ತಿ. ಕೋರ್ 2 ಡ್ಯುಯೋ 64 ಬಿಟ್. ಅದಕ್ಕಿಂತ ಸ್ವಲ್ಪ ಮುಂಚೆ, 2006ರಲ್ಲಿ ಬಂದ ಕೋರ್ ಡ್ಯುಯೋ 32 ಬಿಟ್. ನಡುವೆ ಇರುವ ಒಂದು '2' ಇಷ್ಟು ವ್ಯತ್ಯಾಸ ಮಾಡುತ್ತದೆ. ಪೆಂಟಿಯಂ 4ರಲ್ಲಿ ಮೊದಲಿನವು 32 ಬಿಟ್, ಕೊನೆಕೊನೆಗೆ ಬಂದವು 64. ಲ್ಯಾಪ್‌ಟಾಪಿನ ಮೇಲಿನ ಸ್ಟಿಕ್ಕರ್ ನಂಬದೆ ಫ್ಲ್ಯಾಗ್ ನೋಡುವುದೇ ಸರಿ.

*64 ಬಿಟ್, 2 ಜಿಬಿ ಅಥವಾ ಹೆಚ್ಚು ರ್ಯಾಮ್:* ಕೋರ್ 2 ಡ್ಯುಯೋ, ಮೊದಲ ಪೀಳಿಗೆಯ ಐ3, ಐ5 ಎಲ್ಲ ಇಲ್ಲಿಗೇ ಬರುತ್ತವೆ. ಕಣ್ಣು ಮುಚ್ಚಿಕೊಂಡು ಬುಕ್‌ವರ್ಮ್‌ಪಪ್64 ಹಾಕಿ. ದೊಡ್ಡ ಕಾರಣ ಪ್ಯಾಕೇಜ್ ವ್ಯವಸ್ಥೆ. ಹಳೇ ಪಪ್ಪಿಗಳ ಪ್ಯಾಕೇಜ್ ಮ್ಯಾನೇಜರ್ ಒಂದನ್ನು ಹಾಕಲು ಹೋದರೆ ಅದಕ್ಕೆ ಬೇಕಾದ ಇನ್ನೊಂದನ್ನು ಕೆಲವೊಮ್ಮೆ ಬಿಟ್ಟುಬಿಡುತ್ತಿತ್ತು. ಸಾಫ್ಟ್‌ವೇರ್ ತೆರೆಯದಿದ್ದಾಗ ಯಾವ ಲೈಬ್ರರಿ ತಪ್ಪಿದೆ ಅಂತ ಹುಡುಕುತ್ತಾ ಕೂರಬೇಕಿತ್ತು. ಬುಕ್‌ವರ್ಮ್‌ಪಪ್‌ನಲ್ಲಿ ಡೆಬಿಯನ್ನಿನ ಆಪ್ಟ್ ಮತ್ತು ಸಿನಾಪ್ಟಿಕ್ ಅನ್ನುವ ಪ್ಯಾಕೇಜ್ ಹಾಕುವ ಸಾಧನಗಳು ಇವೆ. ಹುಡುಕಿ, ಟಿಕ್ ಹಾಕಿ, ಹಾಕಿಸಿಕೊಳ್ಳಿ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇರುವುದರಿಂದ ಸದ್ಯಕ್ಕೆ ಚಿಂತೆಯಿಲ್ಲ.

ಫೊಸ್ಸಾಪಪ್ ಯಾಕೆ ಬೇಡ? ನೋಡಲು ಅದು ಅಚ್ಚುಕಟ್ಟು, ಗಾತ್ರವೂ ಚಿಕ್ಕದು. ದಿನನಿತ್ಯ ಬಳಸಲು ಮಾತ್ರ ಹೇಳಲಾರೆ, ತಳಪಾಯಕ್ಕೆ ಅಪ್‌ಡೇಟ್ ನಿಂತಿದೆ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಇಟ್ಟುಕೊಳ್ಳಿ. ಯಾರದಾದರೂ ವಿಂಡೋಸ್ ಏಳದೆ ಹೋದಾಗ ಫೋಟೋ, ಫೈಲುಗಳನ್ನು ಹೊರಗೆ ತೆಗೆಯಲು ಅದಕ್ಕಿಂತ ಒಳ್ಳೆಯದು ಕಡಿಮೆ.

*64 ಬಿಟ್, ಆದರೆ 1 ಜಿಬಿ ರ್ಯಾಮ್:* ಇಲ್ಲಿ ಸ್ವಲ್ಪ ಯೋಚಿಸಬೇಕು. 32 ಬಿಟ್ ಹಾಕಿದರೆ ರ್ಯಾಮ್ ಕಡಿಮೆ ತಿನ್ನುತ್ತದೆ, ಬ್ರೌಸರಿನ ಭವಿಷ್ಯ ಇಲ್ಲ. ನಾನಾದರೆ ಇನ್ನೊಂದು ಜಿಬಿ ಹಳೇ ರ್ಯಾಮ್ ಹುಡುಕಿ ಹಾಕಿ 64 ಬಿಟ್‌ಗೇ ಹೋಗುತ್ತೇನೆ. ಆ ಕಾಲದ ಡಿಡಿಆರ್2 ಕಡ್ಡಿಗಳು ಹಳೇ ಕಂಪ್ಯೂಟರ್ ರಿಪೇರಿ ಮಾಡುವವರ ಡಬ್ಬಿಯಲ್ಲಿ ಸಿಗುತ್ತವೆ. ಸಿಗಲಿಲ್ಲವಾ, ರ್ಯಾಮ್ ಸಾಲದಾದಾಗ ಬಳಸಿಕೊಳ್ಳಲು ಹಾರ್ಡ್‌ಡಿಸ್ಕಿನಲ್ಲಿ ಸ್ವಾಪ್ ವಿಭಾಗ ಮಾಡಿಕೊಡಿ.

*32 ಬಿಟ್, ಪಿಎಇ ಇದೆ:* 2008, 2009ರ ಸುಮಾರಿಗೆ ಮಾರಾಟವಾದ ಪುಟ್ಟ ನೆಟ್‌ಬುಕ್‌ಗಳು ನೆನಪಿವೆಯಲ್ಲ? ಆಟಮ್ ಎನ್270, 1 ಜಿಬಿ ರ್ಯಾಮ್. ಅವಕ್ಕೆ ಬುಕ್‌ವರ್ಮ್‌ಪಪ್32 ಅಥವಾ ಎಸ್15ಪಪ್32. ಸಾಫ್ಟ್‌ವೇರ್ ಸುಲಭವಾಗಿ ಸಿಗಬೇಕು ಅಂದರೆ ಮೊದಲನೆಯದು. ಇದ್ದದ್ದರಲ್ಲೇ ಕೆಲಸ ನಡೆದರೆ ಸಾಕು ಅನ್ನುವವರಿಗೆ ಎರಡನೆಯದು. ಬ್ರೌಸರಿನಲ್ಲಿ ಒಂದೋ ಎರಡೋ ಟ್ಯಾಬ್, ಅಷ್ಟಕ್ಕೆ ನಿಲ್ಲಿಸಿ. ಬರೆಯಲು, ಪಿಡಿಎಫ್ ಓದಲು, ಹಾಡು ಕೇಳಲು ಇವು ಈಗಲೂ ಗಟ್ಟಿ.

*32 ಬಿಟ್, ಪಿಎಇ ಇಲ್ಲ:* ಮೊದಲ ಪೆಂಟಿಯಂ ಎಂ ಲ್ಯಾಪ್‌ಟಾಪ್‌ಗಳು ಹೀಗಿವೆ. ಹೊಸ ಪಪ್ಪಿ ಹಾಕಿದರೆ ಕರ್ನಲ್ ಶುರುವಿನಲ್ಲೇ ನಿಂತುಬಿಡುತ್ತದೆ. ಇವುಗಳಿಗಾಗಿಯೇ 2014ರಲ್ಲಿ ಟಾರ್‌ಪಪ್ 6.0 ಮತ್ತು ಸ್ಲ್ಯಾಕೋ 5.7 ಎರಡನ್ನೂ ಪಿಎಇ ಇಲ್ಲದ ಕರ್ನಲ್ ಜೊತೆ ಪ್ರತ್ಯೇಕವಾಗಿ ಕೊಟ್ಟಿದ್ದರು. ಡೌನ್‌ಲೋಡ್ ಫೈಲಿನ ಹೆಸರಿನಲ್ಲೇ ಅದನ್ನು ಬರೆದಿರುತ್ತದೆ. ಟಾರ್‌ಪಪ್ ನನ್ನ ಆಯ್ಕೆ. ಇಂಟರ್ನೆಟ್ಟಿಗೆ ಅಲ್ಲ, ಮನೆಯೊಳಗಿನ ಕೆಲಸಕ್ಕೆ.

*ಪೆಂಟಿಯಂ 3 ಮತ್ತು ಅದಕ್ಕಿಂತ ಹಿಂದಿನವು:* ಎಸ್‌ಎಸ್‌ಇ2 ಇಲ್ಲ, ಹಾಗಾಗಿ ಇಂಟರ್ನೆಟ್ ಆಸೆ ಬಿಡಿ. ವೇರಿ ಅನ್ನುವ 5ನೇ ಸಾಲಿನ ಪಪ್ಪಿ ಇಂಥವಕ್ಕೇ ಮಾಡಿದ್ದು. ಹಳೇ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹಳೇ ಎಕ್ಸ್ ಸರ್ವರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಸಾಫ್ಟ್‌ವೇರ್), ಫೋನ್ ಲೈನಿನ ಡಯಲ್-ಅಪ್ ಮೋಡೆಮ್‌ಗೂ ಡ್ರೈವರ್ ಇಟ್ಟುಕೊಂಡಿತ್ತು. ಅದರ 5.5 ಬಂದದ್ದು 2013ರಲ್ಲಿ. ಇನ್ನೂ ಕಡಿಮೆ ರ್ಯಾಮ್ ಇದ್ದರೆ ಡಿಂಗೋ. ಫ್ಲಾಪಿಯಲ್ಲಿ ಉಳಿದ ಹಳೇ ಕಾಗದಪತ್ರ ಹೊರಗೆ ತೆಗೆಯಲು, ಹಳೇ ಪ್ರಿಂಟರ್ ಓಡಿಸಲು ಇವು ಸಾಕು. 4 ಮತ್ತು 5ನೇ ಸಾಲಿನ ಪಪ್ಪಿಗಳನ್ನು ಯುಇಎಫ್‌ಐ ಅನ್ನುವ ಹೊಸ ಬೂಟ್ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಹೋಗಬೇಡಿ, ಅವು ಹಳೇ ಬಯಾಸ್ ಕಾಲದವು.

ಹಾಕುವುದು, ಉಳಿಸುವುದು

ಯಾವ ಆವೃತ್ತಿ ಆರಿಸಿದರೂ ಫ್ರೂಗಲ್ ವಿಧಾನದಲ್ಲೇ ಹಾಕಿ. ಫುಲ್ ಇನ್‌ಸ್ಟಾಲ್ ಅಂತಲೂ ಇದೆ. ಅದರಲ್ಲಿ ಪಪ್ಪಿ ಬೇರೆ ಲಿನಕ್ಸ್‌ಗಳ ಹಾಗೆ ಇಡೀ ಡಿಸ್ಕಿನ ಮೇಲೆ ಹರಡಿಕೊಳ್ಳುತ್ತದೆ, ಪದರಗಳ ಅನುಕೂಲ ಹೋಗುತ್ತದೆ. ಫ್ರೂಗಲ್‌ನಲ್ಲಿ ನಾಲ್ಕೈದು ಫೈಲುಗಳು ಒಂದು ಫೋಲ್ಡರಿನಲ್ಲಿ ಕೂರುತ್ತವೆ. ವಿಂಡೋಸ್ ಪಕ್ಕದಲ್ಲೇ ಇರಬಹುದು. ಎರಡು ಬೇರೆ ಬೇರೆ ಪಪ್ಪಿಗಳನ್ನೂ ಇಟ್ಟುಕೊಂಡು ಹೋಲಿಸಿ ನೋಡಬಹುದು.

ಮೊದಲ ಸಲ ಆಫ್ ಮಾಡುವಾಗ "ಉಳಿಸಬೇಕಾ" ಅಂತ ಕೇಳುತ್ತದೆ. ಬೇಡ ಅಂದರೆ ಆ ಹೊತ್ತಿನಲ್ಲಿ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಬೇಕು ಅಂದರೆ ಸೇವ್‌ಫೈಲಾ, ಸೇವ್‌ಫೋಲ್ಡರಾ ಅಂತ ಮುಂದಿನ ಪ್ರಶ್ನೆ. ಲಿನಕ್ಸ್ ವಿಭಾಗ ಇದ್ದರೆ ಫೋಲ್ಡರ್ ಒಳ್ಳೆಯದು, ಜಾಗ ತುಂಬುವ ತಲೆನೋವಿಲ್ಲ. ವಿಂಡೋಸಿನ ವಿಭಾಗದಲ್ಲಿ ಇಡುವುದಾದರೆ ಸೇವ್‌ಫೈಲ್, ಗಾತ್ರ ಸ್ವಲ್ಪ ದೊಡ್ಡದೇ ಕೊಡಿ. ಹಳೇ ಆವೃತ್ತಿಗಳಲ್ಲಿ ಸೇವ್‌ಫೈಲ್ ಒಂದೇ ದಾರಿ.

ಪೆನ್‌ಡ್ರೈವಿನಿಂದ ಓಡಿಸುವವರು ಇನ್ನೊಂದು ತಿಳಿದಿರಬೇಕು. ಪೆನ್‌ಡ್ರೈವ್ ಸವೆಯದಿರಲಿ ಅಂತ ಪಪ್ಪಿ ಪ್ರತಿ ಬದಲಾವಣೆಯನ್ನೂ ಕೂಡಲೇ ಬರೆಯುವುದಿಲ್ಲ. ರ್ಯಾಮಿನಲ್ಲಿ ಇಟ್ಟುಕೊಂಡು ಆಗಾಗ ಬರೆಯುತ್ತದೆ. ಕರೆಂಟ್ ಹೋಗಿ ಬರುವ ಊರಿನಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ, ಬರೆದದ್ದು ಹೋಗಿಬಿಡಬಹುದು. ಡೆಸ್ಕ್‌ಟಾಪಿನಲ್ಲಿ ಸೇವ್ ಅಂತ ಒಂದು ಐಕಾನ್ ಇರುತ್ತದೆ, ಮುಖ್ಯ ಕೆಲಸ ಮುಗಿದ ತಕ್ಷಣ ಅದನ್ನು ಒತ್ತಿಬಿಡಿ.

ಪಪ್ಪಿ ಶುರುವಿನಿಂದಲೂ ರೂಟ್ ಅನ್ನುವ, ಎಲ್ಲ ಅಧಿಕಾರ ಇರುವ ಬಳಕೆದಾರನಾಗಿಯೇ ಓಡುತ್ತದೆ. ಇದರ ಬಗ್ಗೆ ಜಗಳ ಇವತ್ತಿನದಲ್ಲ. ಬ್ರೌಸರನ್ನು ಸ್ಪಾಟ್ ಅನ್ನುವ, ಅಧಿಕಾರ ಕಡಿಮೆ ಇರುವ ಬಳಕೆದಾರನಾಗಿ ಓಡಿಸುವ ವ್ಯವಸ್ಥೆ ಇದೆ. ಆನ್ ಇದೆಯಾ ಅಂತ ನೋಡಿಕೊಳ್ಳಿ. ಮನೆಯ ನಾಲ್ಕು ಜನರಿಗೆ ನಾಲ್ಕು ಲಾಗಿನ್ ಬೇಕು, ಮಕ್ಕಳ ಫೈಲು ದೊಡ್ಡವರಿಗೆ ಕಾಣಬಾರದು ಅನ್ನುವ ಅಗತ್ಯ ಇದ್ದರೆ ಪಪ್ಪಿಯನ್ನು ಬಿಡಿ. ಆಗ ಆಂಟಿಎಕ್ಸ್ ಅನ್ನುವ ಲಿನಕ್ಸ್ ಒಳ್ಳೆಯದು. ಅದೂ ಡೆಬಿಯನ್ ಮೂಲದ್ದು, ಹಗುರ, ಜೊತೆಗೆ ಮಾಮೂಲಿ ಲಾಗಿನ್ ವ್ಯವಸ್ಥೆ ಇದೆ.

ಕನ್ನಡ ಬರಬೇಕಲ್ಲ

ಗಾತ್ರ ಉಳಿಸಲು ಪಪ್ಪಿ ಫಾಂಟ್‌ಗಳನ್ನು ತುಂಬ ಕಡಿಮೆ ಇಟ್ಟುಕೊಂಡಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸಿಗುವ ಡೆಜಾವು ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಕನ್ನಡ ಪುಟ ತೆರೆದರೆ ಚೌಕಗಳ ಸಾಲು ಕಾಣಬಹುದು. ಬುಕ್‌ವರ್ಮ್‌ಪಪ್‌ನಲ್ಲಿ ಸಿನಾಪ್ಟಿಕ್ ತೆರೆದು ಗುಬ್ಬಿ, ನವಿಲು ಅಥವಾ ಲೋಹಿತ್ ಕನ್ನಡ ಫಾಂಟ್ ಹುಡುಕಿ ಹಾಕಿ, ಮುಗಿಯಿತು. ಹಳೇ ಆವೃತ್ತಿಗಳಲ್ಲಾದರೆ ಬೇರೆ ಕಂಪ್ಯೂಟರಿನಿಂದ ಟಿಟಿಎಫ್ ಫೈಲನ್ನು ತಂದು ಫಾಂಟ್ ಫೋಲ್ಡರಿಗೆ ಹಾಕಿ ಡೆಸ್ಕ್‌ಟಾಪನ್ನು ಮತ್ತೆ ಶುರು ಮಾಡಿ.

ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಅನ್ನುವ ಸಾಫ್ಟ್‌ವೇರ್ ಎರಡನ್ನೂ ಹಾಕಿದರೆ ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಬುಕ್‌ವರ್ಮ್‌ಪಪ್‌ಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ. ಹಳೇ ಪಪ್ಪಿಗಳಲ್ಲಿ ಇವೆರಡನ್ನು ಜೋಡಿಸುವುದು ಅರ್ಧ ದಿನದ ಕೆಲಸ. ಇಲ್ಲಿ ಒಂದು ಟಿಕ್. ಹಾಕಿದ ಮೇಲೆ ಸೇವ್ ಒತ್ತುವುದನ್ನು ಮರೆಯಬೇಡಿ.